ಚಿಕಿತ್ಸೆಯ ನಿರ್ಣಯವೂ ಪಶ್ಚಾತ್ತಾಪವೂ: ಶ್ರಾವಕಧರ್ಮದ ದೃಷ್ಟಿಯಿಂದ ಒಂದು ವಿಚಾರ

ದೇಹಕ್ಕೆ ರೋಗ ಬರುವುದು ಅಸಾತಾವೇದನೀಯ ಕರ್ಮದ ಉದಯದಿಂದ ಎಂಬುದು ಜೈನ ಸಿದ್ಧಾಂತ. ಆದರೆ ಬಂದ ರೋಗಕ್ಕೆ ಯಾವ ಚಿಕಿತ್ಸೆ ಮಾಡಿಸಬೇಕು, ಎಷ್ಟರ ಮಟ್ಟಿಗೆ ಮಾಡಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ನಿರ್ಣಯ ಕೇವಲ ಕರ್ಮೋದಯವಲ್ಲ, ಅದು ಪುರುಷಾರ್ಥ. ಉದಯಕ್ಕೆ ಬಂದುದನ್ನು ಸಮತಾಭಾವದಿಂದ ಅನುಭವಿಸಬೇಕು. ಪುರುಷಾರ್ಥವನ್ನು ವಿವೇಕದಿಂದ ನಡೆಸಬೇಕು. ಇವೆರಡನ್ನು ಒಂದರೊಡನೊಂದು ಬೆರೆಸಿದಲ್ಲಿ ಎರಡು ಬಗೆಯ ಪ್ರಮಾದ ಹುಟ್ಟುತ್ತದೆ. ಎಲ್ಲವೂ ಕರ್ಮವೆಂದು ಕೈಕಟ್ಟಿ ಕುಳಿತವನು ಮಾಡಬೇಕಾದುದನ್ನು ಮಾಡದೆ ಬಿಡುತ್ತಾನೆ. ಎಲ್ಲವೂ ತನ್ನ ಕೈಯಲ್ಲೇ ಇತ್ತೆಂದು ಭಾವಿಸಿದವನು, ಫಲ ವಿಪರೀತವಾದಾಗ, ತನ್ನನ್ನು ತಾನೇ ಸುಟ್ಟುಕೊಳ್ಳುತ್ತಾನೆ.

ಈ ಎರಡನೆಯ ಬಗೆಯ ಸಂಕಟ ಇಂದು ಮನೆಮನೆಗಳಲ್ಲಿ ಕಾಣುತ್ತಿದೆ. “ಆ ಆಪರೇಷನ್ ಮಾಡಿಸಬಾರದಿತ್ತು”, “ಇನ್ನೊಬ್ಬ ವೈದ್ಯರನ್ನು ಕೇಳಬೇಕಿತ್ತು”, “ತಂದೆಯವರನ್ನು ಯಂತ್ರಗಳ ನಡುವೆ ಇರಿಸದೆ ಮನೆಗೆ ಕರೆತರಬೇಕಿತ್ತು” ಎಂಬ ಮಾತುಗಳು, ಚಿತೆ ಆರಿ ವರ್ಷಗಳು ಕಳೆದ ಮೇಲೂ ಆರುವುದಿಲ್ಲ. ಹಿಂದೆ ಹಳ್ಳಿಯ ಪಂಡಿತರು ಕೊಟ್ಟ ಕಷಾಯವನ್ನು ಕುಡಿಯುವುದೊಂದೇ ದಾರಿಯಿದ್ದಾಗ ಈ ಕೊರಗಿಗೆ ಅಷ್ಟು ಎಡೆಯಿರಲಿಲ್ಲ. ದಾರಿಗಳು ಹೆಚ್ಚಿದಂತೆ ಬಿಟ್ಟ ದಾರಿಯ ಚಿಂತೆಯೂ ಹೆಚ್ಚಿತು. ಆದುದರಿಂದ ಚಿಕಿತ್ಸೆಯ ನಿರ್ಣಯ ಯಾರದು, ವೈದ್ಯರದೇ, ರೋಗಿಯದೇ, ಕುಟುಂಬದವರದೇ, ಅಥವಾ ಎಲ್ಲರೂ ಕೂಡಿ ಮಾಡತಕ್ಕದ್ದೇ; ಕೂಡಿ ಮಾಡಿದರೆ ಪಶ್ಚಾತ್ತಾಪ ಕಡಿಮೆಯಾಗುವುದೇ ಎಂಬ ಪ್ರಶ್ನೆ ವಿಚಾರಾರ್ಹವಾಗಿದೆ.

ಸಹನಿರ್ಣಯದ ವಿಚಾರ ಬೆಳೆದ ಬಗೆ

ವೈದ್ಯನು ತನ್ನ ಶಾಸ್ತ್ರಜ್ಞಾನವನ್ನೂ, ರೋಗಿಯು ತನ್ನ ಬದುಕಿನಲ್ಲಿ ತನಗೆ ಯಾವುದು ಮುಖ್ಯವೆಂಬ ಅರಿವನ್ನೂ ಮುಂದಿಟ್ಟು, ಇಬ್ಬರೂ ಮಾತಾಡಿ ಒಂದು ತೀರ್ಮಾನಕ್ಕೆ ಬರುವುದನ್ನು ಸಹನಿರ್ಣಯ ಎನ್ನಬಹುದು. ಅಮೆರಿಕದಲ್ಲಿ ರಾಷ್ಟ್ರಾಧ್ಯಕ್ಷರು ನೇಮಿಸಿದ್ದ ವೈದ್ಯನೀತಿಯ ಆಯೋಗವೊಂದು 1982ರ ತನ್ನ ವರದಿಯಲ್ಲಿ ಈ ಆದರ್ಶವನ್ನು ಎತ್ತಿ ಹಿಡಿಯಿತು. ಬ್ರಿಟನ್ನಿನ ಸುಪ್ರೀಂ ಕೋರ್ಟು 2015ರಲ್ಲಿ, ಮಧುಮೇಹವಿದ್ದ ಗರ್ಭಿಣಿಯೊಬ್ಬಳಿಗೆ ಹೆರಿಗೆಯ ವೇಳೆ ಮಗುವಿನ ಭುಜ ಸಿಕ್ಕಿಕೊಳ್ಳುವ ಅಪಾಯ ಶೇಕಡಾ 9ರಿಂದ 10ರಷ್ಟಿದ್ದರೂ ಅದನ್ನು ತಿಳಿಸದೆ ಹೋದುದು ತಪ್ಪೆಂದು ತೀರ್ಪಿತ್ತಿತು. ವೈದ್ಯರು ಸಾಮಾನ್ಯವಾಗಿ ಏನು ಹೇಳುತ್ತಾರೆ ಎಂಬುದಲ್ಲ, ಆ ರೋಗಿಯ ಸ್ಥಿತಿಯಲ್ಲಿರುವವರಿಗೆ ಏನು ತಿಳಿಯುವುದು ಮುಖ್ಯ ಎಂಬುದೇ ಅಳತೆಗೋಲು ಎಂದು ಆ ತೀರ್ಪು ಸಾರಿತು.

ಭಾರತದ ಸುಪ್ರೀಂ ಕೋರ್ಟು 2008ರ ಜನವರಿಯಲ್ಲಿ ಇದಕ್ಕೆ ಸಮೀಪದ ವಿಷಯದಲ್ಲಿ ಮಹತ್ತ್ವದ ತೀರ್ಪನ್ನು ಕೊಟ್ಟಿತು. 1995ರಲ್ಲಿ 44 ವರ್ಷದ ಅವಿವಾಹಿತ ಮಹಿಳೆಯೊಬ್ಬರು ತಪಾಸಣೆಗೆಂದು ಮಾತ್ರ ಒಪ್ಪಿ ಅರಿವಳಿಕೆ ಪಡೆದಿದ್ದರು. ಅವರಿಗೆ ಎಚ್ಚರವಿಲ್ಲದಾಗ ತಾಯಿಯವರ ಒಪ್ಪಿಗೆ ಪಡೆದು ಅವರ ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆಯಲಾಯಿತು. ಪ್ರಾಣಾಪಾಯದ ತುರ್ತಿಲ್ಲದಿರುವಾಗ, ವಯಸ್ಕಳೂ ಬುದ್ಧಿಸ್ವಾಧೀನವುಳ್ಳವಳೂ ಆದ ರೋಗಿಯ ಬದಲಿಗೆ ತಾಯಿಯ ಒಪ್ಪಿಗೆ ಸಲ್ಲದು. ಚಿಕಿತ್ಸೆಯ ಸ್ವರೂಪ, ಉದ್ದೇಶ, ಪ್ರಯೋಜನ, ಬೇರೆ ದಾರಿಗಳು, ಮುಖ್ಯ ಅಪಾಯಗಳು, ಚಿಕಿತ್ಸೆ ಬೇಡವೆಂದರೆ ಆಗುವ ಪರಿಣಾಮ, ಇವನ್ನು ಸಾಕಷ್ಟು ತಿಳಿಸಿ ಸಮ್ಮತಿ ಪಡೆಯಬೇಕು ಎಂದು ನ್ಯಾಯಾಲಯ ಹೇಳಿತು. ತೀರ ದೂರದ ಅಪಾಯಗಳನ್ನೆಲ್ಲ ಹೇಳಿ ರೋಗಿಯನ್ನು ಹೆದರಿಸಬೇಕಾಗಿಲ್ಲವೆಂದೂ ಅದು ಸ್ಪಷ್ಟಪಡಿಸಿತು. ಕುಟುಂಬದವರ ಪ್ರೀತಿ ಎಷ್ಟೇ ನಿಜವಾಗಿದ್ದರೂ ಅದು ರೋಗಿಯ ಸಮ್ಮತಿಯ ಸ್ಥಾನದಲ್ಲಿ ನಿಲ್ಲಲಾರದೆಂಬುದು ಈ ತೀರ್ಪಿನ ಸಾರ.

ಅಧ್ಯಯನಗಳು ಹೇಳುವುದೇನು

ಕಾನೂನು ಅಧಿಕಾರವನ್ನು ನಿಶ್ಚಯಿಸಬಲ್ಲದು, ಮನಶ್ಶಾಂತಿಯನ್ನು ಕೊಡಲಾರದು. ನಿರ್ಣಯದಲ್ಲಿ ಪಾಲು ಪಡೆದವರು ನಿಜವಾಗಿಯೂ ನೆಮ್ಮದಿಯಿಂದ ಇರುವರೇ?

ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಇದಕ್ಕೆ ಒಳ್ಳೆಯ ಉದಾಹರಣೆ. ರೋಗ ಗ್ರಂಥಿಯೊಳಗೇ ಇರುವ ಹಂತದಲ್ಲಿ ಮೂರು ದಾರಿಗಳಿವೆ: ಶಸ್ತ್ರಕ್ರಿಯೆ, ವಿಕಿರಣ ಚಿಕಿತ್ಸೆ, ಇಲ್ಲವೇ ಆಗಾಗ ಪರೀಕ್ಷಿಸುತ್ತ ಕಾದು ನೋಡುವುದು. ಬ್ರಿಟನ್ನಿನಲ್ಲಿ 1,643 ಪುರುಷರನ್ನು ಈ ಮೂರು ಗುಂಪುಗಳಾಗಿ ವಿಂಗಡಿಸಿ ಅಧ್ಯಯನ ಮಾಡಿದರು. 15 ವರ್ಷಗಳ ಬಳಿಕದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಆ ರೋಗದಿಂದಲೇ ಮೃತರಾದವರು ಒಟ್ಟು 45 ಮಂದಿ, ಅಂದರೆ ಶೇಕಡಾ 2.7, ಮೂರು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸವಿರಲಿಲ್ಲ. ಆದರೆ ಮೂತ್ರದ ಮೇಲಿನ ಹತೋಟಿ, ದಾಂಪತ್ಯಜೀವನ, ಮಲವಿಸರ್ಜನೆ ಇವುಗಳಲ್ಲಿ ಒಂದೊಂದು ದಾರಿಯ ತೊಂದರೆ ಒಂದೊಂದು ಬಗೆ. ಆಯುಷ್ಯದ ದೃಷ್ಟಿಯಿಂದ ದಾರಿಗಳು ಸರಿಸುಮಾರು ಸಮಾನವಾಗಿರುವಾಗ, ಆ ಮನುಷ್ಯನಿಗೆ ಯಾವ ತೊಂದರೆ ಸಹ್ಯ, ಯಾವುದು ಅಸಹ್ಯ ಎಂಬುದನ್ನು ಅವನೇ ಹೇಳಬೇಕಲ್ಲದೆ ಬೇರೆ ಯಾರೂ ಹೇಳಲಾರರು.

ಇದೇ ರೋಗದ 2,072 ಮಂದಿ ಅಮೆರಿಕನ್ನರನ್ನು ಕುರಿತು 2022ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಐದು ವರ್ಷಗಳ ಬಳಿಕ ತಾವು ಆರಿಸಿಕೊಂಡ ಚಿಕಿತ್ಸೆಯ ಬಗ್ಗೆ ಪಶ್ಚಾತ್ತಾಪ ಪಟ್ಟವರು ಶೇಕಡಾ 13. ಶಸ್ತ್ರಕ್ರಿಯೆ ಮಾಡಿಸಿಕೊಂಡವರಲ್ಲಿ ಶೇಕಡಾ 16, ವಿಕಿರಣ ಪಡೆದವರಲ್ಲಿ 11, ಕಾದು ನೋಡಿದವರಲ್ಲಿ 7. ಇಲ್ಲಿ ಗಮನಿಸಬೇಕಾದ ಅಂಶ ಬೇರೆಯಿದೆ. ಪಶ್ಚಾತ್ತಾಪಕ್ಕೆ ಹೆಚ್ಚಿನ ನಂಟು ಕಂಡುಬಂದುದು ರೋಗದ ಉಗ್ರತೆಯೊಡನೆ ಅಲ್ಲ. ಮೊದಲು ಇರಿಸಿಕೊಂಡಿದ್ದ ನಿರೀಕ್ಷೆಗೂ ನಂತರ ಬಂದ ಅನುಭವಕ್ಕೂ ನಡುವಣ ಅಂತರದೊಡನೆ. ಕಷ್ಟವು ಕಷ್ಟವಾಗಿಯೇ ಬಂದರೆ ಮನುಷ್ಯ ಸಹಿಸುತ್ತಾನೆ. ಸುಖದ ವೇಷದಲ್ಲಿ ಬಂದ ಕಷ್ಟವನ್ನು ಸಹಿಸಲಾರ.

ಹಾಗಾದರೆ ಎಲ್ಲವನ್ನೂ ತಿಳಿಸಿ ನಿರ್ಣಯವನ್ನು ರೋಗಿಯ ಕೈಗೆ ಕೊಟ್ಟುಬಿಟ್ಟರೆ ಸಾಕೇ? ಅದೂ ಅಷ್ಟು ಸರಳವಲ್ಲ. ರೋಗಿಗಳಿಗೆ ದಾರಿಗಳನ್ನು ವಿವರಿಸುವ ಕೈಪಿಡಿ, ಚಿತ್ರ ಮುಂತಾದ ಸಾಧನಗಳನ್ನು ಕುರಿತ 209 ಪ್ರಯೋಗಗಳನ್ನು ಒಟ್ಟುಗೂಡಿಸಿದ ಸಮೀಕ್ಷೆಯೊಂದು 2024ರಲ್ಲಿ ಹೊರಬಂದಿತು. ಇಂಥ ಸಾಧನಗಳಿಂದ ರೋಗಿಗಳ ತಿಳಿವಳಿಕೆ ಹೆಚ್ಚಿತು, ಗೊಂದಲ ತಗ್ಗಿತು, ತಮಗೆ ಮುಖ್ಯವಾದುದಕ್ಕೆ ಹೊಂದುವ ಆಯ್ಕೆ ಮಾಡಿದವರು ಹೆಚ್ಚಿದರು. ಆದರೆ ಪಶ್ಚಾತ್ತಾಪದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹೆಚ್ಚಲೂ ಇಲ್ಲ, ಇಳಿಯಲೂ ಇಲ್ಲ.

2009ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ಇನ್ನೂ ಮನಕಲಕುವಂಥದು. ಬದುಕುವ ಆಸೆಯಿಲ್ಲದ ನವಜಾತ ಶಿಶುಗಳ ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸಿದ ಬಳಿಕ ಅವುಗಳ ತಾಯಿತಂದೆಯರ ಮನಸ್ಥಿತಿ ಹೇಗಿತ್ತೆಂದು ಅದರಲ್ಲಿ ವಿಚಾರಿಸಲಾಯಿತು. ಅಮೆರಿಕದಲ್ಲಿ ಆ ನಿರ್ಣಯ ತಾಯಿತಂದೆಯರದು. ಫ್ರಾನ್ಸಿನಲ್ಲಿ ವೈದ್ಯರೇ ನಿರ್ಣಯಿಸಿ ತಿಳಿಸುತ್ತಿದ್ದರು. ಪೋಷಕರು ಬೇಡವೆಂದು ತಡೆಯಬಹುದಿತ್ತು. ಶೋಕ ಎರಡು ಕಡೆಯೂ ಒಂದೇ. ಆದರೆ “ಹೀಗೆ ಮಾಡದಿದ್ದರೆ ಏನಾಗುತ್ತಿತ್ತೋ” ಎಂಬ ಅಪರಾಧಭಾವ ಅಮೆರಿಕದ ಪೋಷಕರಲ್ಲಿ ಹೆಚ್ಚಾಗಿತ್ತು. ಆದರೂ ಆ ನಿರ್ಣಯವನ್ನು ಬೇರೆಯವರಿಗೆ ಬಿಟ್ಟುಕೊಡಲು ಅವರು ಸಿದ್ಧರಿರಲಿಲ್ಲ. ಭಾರ ಹೊರಲಾಗದು, ಇಳಿಸಲೂ ಆಗದು. ಇದೇ ಮನುಷ್ಯನ ಸ್ಥಿತಿ.

ಇವುಗಳಿಂದ ತಿಳಿಯುವುದಿಷ್ಟು: ಮುಚ್ಚಿಟ್ಟರೆ ಪಶ್ಚಾತ್ತಾಪಕ್ಕೆ ಬೀಜ ಬಿತ್ತಿದಂತೆ, ನಿರ್ಣಯದ ಭಾರವನ್ನೆಲ್ಲ ಒಬ್ಬನ ಹೆಗಲಿಗೆ ಹೇರಿದರೆ ಆ ಬೀಜಕ್ಕೆ ನೀರೆರೆದಂತೆ. ಇದರಾಚೆಗೆ ಸಂಖ್ಯೆಗಳು ದಾರಿ ತೋರಲಾರವು. ಪಶ್ಚಾತ್ತಾಪವೆಂದರೇನು, ಅದು ಯಾವಾಗ ಯುಕ್ತ, ಯಾವಾಗ ಅಯುಕ್ತ ಎಂಬುದನ್ನು ಧರ್ಮಶಾಸ್ತ್ರದಿಂದಲೇ ತಿಳಿಯಬೇಕು.

ದುಃಖ ಬೇರೆ, ತಾಪ ಬೇರೆ

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಅಸಾತಾವೇದನೀಯ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಹೇಳುವಾಗ ದುಃಖ, ಶೋಕ, ತಾಪ, ಆಕ್ರಂದನ, ವಧ, ಪರಿದೇವನ ಎಂದು ಆರನ್ನು ಎಣಿಸಲಾಗಿದೆ. ಇವು ತನ್ನಲ್ಲಿ ಉಂಟಾದರೂ, ಪರರಲ್ಲಿ ಉಂಟುಮಾಡಿದರೂ, ಎರಡೂ ಕಡೆ ಆದರೂ ಬಂಧಕಾರಣಗಳೇ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇವುಗಳ ಭೇದವನ್ನು ಸೂಕ್ಷ್ಮವಾಗಿ ತೋರಿಸಿದ್ದಾರೆ. ಉಪಕಾರಿಯಾದುದು ಅಗಲಿದಾಗ ಆಗುವ ವ್ಯಾಕುಲತೆ ಶೋಕ. ನಿಂದೆ ಮೊದಲಾದ ಕಾರಣಗಳಿಂದ ಕಲುಷಿತವಾದ ಅಂತಃಕರಣದಲ್ಲಿ ಹುಟ್ಟುವ ತೀವ್ರವಾದ ಅನುಶಯ ತಾಪ. ಅಂದರೆ ಇಂದಿನ ವೈದ್ಯರು ಅಳೆಯಲು ಯತ್ನಿಸುತ್ತಿರುವ ಪಶ್ಚಾತ್ತಾಪವೆಂಬ ಭಾವವನ್ನು, ಶೋಕದಿಂದ ಬೇರ್ಪಡಿಸಿ, ನಿಂದೆಯೊಡನೆ ಅದಕ್ಕಿರುವ ನಂಟನ್ನೂ ಆ ಆಚಾರ್ಯರು ಗುರುತಿಸಿದ್ದರು. ಜನರ ನಿಂದೆ ಇಲ್ಲದಾಗಲೂ ತನ್ನನ್ನು ತಾನೇ ನಿಂದಿಸಿಕೊಳ್ಳುವವನಲ್ಲಿ ಈ ತಾಪ ಉರಿಯುತ್ತಲೇ ಇರುತ್ತದೆ.

ಅದೇ ಪ್ರಕರಣದಲ್ಲಿ ಒಂದು ದೃಷ್ಟಾಂತ ಬರುತ್ತದೆ. ಕರುಣೆಯುಳ್ಳ ವೈದ್ಯನೊಬ್ಬನು ಸಂಯಮಿಯಾದ ಮುನಿಯ ಮೈಮೇಲಿನ ಕುರುವನ್ನು ಶಸ್ತ್ರದಿಂದ ಸೀಳುತ್ತಾನೆ. ಮುನಿಗೆ ನೋವಾಗುತ್ತದೆ. ಆದರೂ ಹೊರಗಿನ ಆ ನಿಮಿತ್ತ ಮಾತ್ರದಿಂದ ವೈದ್ಯನಿಗೆ ಪಾಪಬಂಧವಾಗುವುದಿಲ್ಲ. ಏಕೆಂದರೆ ಅವನ ಭಾವ ನೋಯಿಸುವುದಲ್ಲ, ಗುಣಪಡಿಸುವುದು. ಫಲದಿಂದ ಕ್ರಿಯೆಯನ್ನು ಅಳೆಯದೆ, ಭಾವದಿಂದಲೂ ಅಪ್ರಮಾದದಿಂದಲೂ ಅಳೆಯಬೇಕೆಂಬುದು ಇದರ ತಾತ್ಪರ್ಯ. ಹಿಂಸೆಯ ಲಕ್ಷಣವನ್ನು ಹೇಳುವಾಗಲೂ ಸೂತ್ರಕಾರರು ಪ್ರಾಣಹಾನಿಯನ್ನು ಮಾತ್ರ ಹೇಳದೆ, ಪ್ರಮಾದಯೋಗದಿಂದ ಆದ ಪ್ರಾಣಹಾನಿ ಎಂದು ವಿಶೇಷಿಸಿದ್ದಾರೆ.

ವ್ಯಾಪಾರಿಗೆ ಇದು ಸುಲಭವಾಗಿ ತಿಳಿಯುವ ಮಾತು. ನಷ್ಟ ಬಂದ ವ್ಯವಹಾರವೆಲ್ಲ ತಪ್ಪು ವ್ಯವಹಾರವಲ್ಲ. ಲಾಭ ಬಂದುದೆಲ್ಲ ಸರಿಯಾದ ವ್ಯವಹಾರವೂ ಅಲ್ಲ. ಮಾಲನ್ನು ನೋಡಿ, ಪೇಟೆಯನ್ನು ವಿಚಾರಿಸಿ, ಪಾಲುದಾರರೊಡನೆ ಕುಳಿತು ಮಾಡಿದ ಖರೀದಿಯಲ್ಲಿ ದರ ಕುಸಿದು ಹಾನಿಯಾದರೆ ಅದನ್ನು ನಷ್ಟದ ಖಾತೆಗೆ ಬರೆಯುತ್ತಾರೆ, ತಪ್ಪಿನ ಖಾತೆಗಲ್ಲ. ವಿಚಾರಿಸದೆ ಜೂಜಿನಂತೆ ಕೊಂಡ ಮಾಲಿಗೆ ದರವೇರಿ ಲಾಭವಾದರೂ ಬುದ್ಧಿವಂತನಾದವನು ಅದನ್ನು ಎಚ್ಚರಿಕೆಯೆಂದೇ ತಿಳಿಯುತ್ತಾನೆ. ವರ್ಷಾಂತ್ಯದ ಅಢಾವೆ ಪತ್ರಿಕೆಯನ್ನು ಮುಂದಿಟ್ಟುಕೊಂಡು ವರ್ಷಾರಂಭದ ನಿರ್ಣಯಕ್ಕೆ ತೀರ್ಪು ಕೊಡುವುದು ನ್ಯಾಯವಲ್ಲ. ಅಂದು ತಿಳಿದಿದ್ದುದೇನು, ತಿಳಿಯಬಹುದಾಗಿದ್ದುದೇನು ಎಂಬುದನ್ನಷ್ಟೇ ನೋಡಬೇಕು.

ಇಲ್ಲಿಯೇ ಸಹನಿರ್ಣಯದ ನಿಜವಾದ ಪ್ರಯೋಜನ ಸ್ಪಷ್ಟವಾಗುತ್ತದೆ. ಕೂಡಿ ಮಾಡಿದ ನಿರ್ಣಯ ದುಃಖವನ್ನು ತಡೆಯಲಾರದು. ಅದು ಕರ್ಮೋದಯಕ್ಕೆ ಸೇರಿದ್ದು. ಆದರೆ ತಿಳಿದು, ಕೇಳಿ, ಯೋಚಿಸಿ ಮಾಡಿದ ನಿರ್ಣಯದಲ್ಲಿ ಪ್ರಮಾದವಿಲ್ಲ. ಪ್ರಮಾದವಿಲ್ಲದೆಡೆ ತಾಪಕ್ಕೆ ಆಧಾರವಿಲ್ಲ. ಶೋಕ ಬಂದರೂ ಅದು ಬರಿಯ ಶೋಕವಾಗಿರುತ್ತದೆ. ತನ್ನನ್ನು ತಾನು ತಿನ್ನುವ ಬೆಂಕಿಯಾಗುವುದಿಲ್ಲ.

ಹೃದಯದ ಕವಾಟ: ಒಂದು ಉದಾಹರಣೆ

ಜೈನ ರೋಗಿಯ ವಿಷಯದಲ್ಲಿ ಈ ಮಾತು ಎಷ್ಟು ಪ್ರತ್ಯಕ್ಷವೆಂಬುದನ್ನು ಒಂದು ಉದಾಹರಣೆಯಿಂದ ನೋಡಬಹುದು. ಹೃದಯದ ಕವಾಟ ಕೆಟ್ಟವರಿಗೆ ಬದಲಿ ಕವಾಟ ಕೂಡಿಸುತ್ತಾರೆ. ಅದು ಎರಡು ಬಗೆ. ಒಂದು ಯಂತ್ರಕವಾಟ, ಲೋಹ, ಇಂಗಾಲ, ಪ್ಲಾಸ್ಟಿಕ್ ಮೊದಲಾದವುಗಳಿಂದ ಮಾಡಿದ್ದು. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ರೂಪಿಸಿದ ಭಾರತೀಯ ಯಂತ್ರಕವಾಟವನ್ನು 1990ರಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರಿಗೆ ಕೂಡಿಸಲಾಯಿತು. ಯಂತ್ರಕವಾಟ ಬಹುಕಾಲ ಬಾಳುತ್ತದೆ. ಆದರೆ ರಕ್ತ ಹೆಪ್ಪುಗಟ್ಟದಂತೆ ಜೀವನಪರ್ಯಂತ ಮಾತ್ರೆ ನುಂಗಬೇಕು, ಆಗಾಗ ರಕ್ತಪರೀಕ್ಷೆ ಮಾಡಿಸಬೇಕು, ರಕ್ತಸ್ರಾವದ ಅಪಾಯ ಜೊತೆಗಿರುತ್ತದೆ. ಇನ್ನೊಂದು ಜೈವಿಕ ಕವಾಟ. ಹಂದಿಯ ಕವಾಟದಿಂದಲೋ, ದನದ ಹೃದಯದ ಹೊರಪೊರೆಯಿಂದಲೋ ಮಾಡಿದ್ದು. ಇದಕ್ಕೆ ಸಾಮಾನ್ಯವಾಗಿ ಆಜೀವ ಮಾತ್ರೆ ಬೇಡ. ಆದರೆ 10ರಿಂದ 15 ವರ್ಷಗಳಲ್ಲಿ ಸವೆಯಬಹುದು, ತರುಣರಲ್ಲಿ ಇನ್ನೂ ಬೇಗ. ಹಾಗಾಗಿ ವಯಸ್ಸಾದವರಿಗೆ ವೈದ್ಯರು ಇದನ್ನು ಹೆಚ್ಚಾಗಿ ಸೂಚಿಸುತ್ತಾರೆ.

ವೈದ್ಯನ ದೃಷ್ಟಿಯಲ್ಲಿ ಇದು ಬಾಳಿಕೆ ಮತ್ತು ರಕ್ತಸ್ರಾವಗಳ ಲೆಕ್ಕ. ಜೀವಮಾನವಿಡೀ ಅಹಿಂಸಾಣುವ್ರತವನ್ನು ಪಾಲಿಸಿದ ಶ್ರಾವಕನ ದೃಷ್ಟಿಯಲ್ಲಿ ಇದು ವ್ರತದ ಪ್ರಶ್ನೆ. ತನ್ನ ಎದೆಯೊಳಗೆ ಮಿಡಿಯುತ್ತಿರುವುದು ಕೊಂದ ಪ್ರಾಣಿಯ ಅಂಗವೆಂದು ಆಪರೇಷನ್ ಆದ ಮೇಲೆ ಯಾರದೋ ಬಾಯಿಂದ ತಿಳಿದರೆ, ದೇಹ ಗುಣವಾದರೂ ಮನಸ್ಸು ಗುಣವಾಗದು. ಮೊದಲೇ ತಿಳಿಸಿದ್ದರೆ ಅವನು ಯಂತ್ರಕವಾಟವನ್ನು ಕೇಳುತ್ತಿದ್ದನೋ, ವೃದ್ಧಾಪ್ಯದ ದೃಷ್ಟಿಯಿಂದ ಪ್ರಾಯಶ್ಚಿತ್ತಪೂರ್ವಕವಾಗಿ ಜೈವಿಕ ಕವಾಟವನ್ನೇ ಒಪ್ಪುತ್ತಿದ್ದನೋ, ಗುರುಗಳನ್ನು ಕೇಳುತ್ತಿದ್ದನೋ, ಅದು ಅವನಿಗೆ ಬಿಟ್ಟದ್ದು. ಇಲ್ಲಿ ಪೂರ್ಣ ಸತ್ಯವನ್ನು ಹೇಳಬೇಕಾದರೆ ಇನ್ನೊಂದು ಮಾತನ್ನೂ ಸೇರಿಸಬೇಕು. ತೆರೆದ ಹೃದಯದ ಶಸ್ತ್ರಕ್ರಿಯೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಎಂಬ ಔಷಧವನ್ನು ಸಾಮಾನ್ಯವಾಗಿ ಹಂದಿಯ ಕರುಳಿನಿಂದಲೇ ತೆಗೆಯುತ್ತಾರೆ. ಯಂತ್ರಕವಾಟವನ್ನು ಆರಿಸಿದವನೂ ಪ್ರಾಣಿಜನ್ಯ ಪದಾರ್ಥದಿಂದ ಸಂಪೂರ್ಣ ದೂರವಾಗಿ ಉಳಿಯುವಂತಿಲ್ಲ. ಇದನ್ನು ಮುಚ್ಚಿಟ್ಟು “ಇದು ಶುದ್ಧ, ಅದು ಅಶುದ್ಧ” ಎಂದು ಧರ್ಮಬಂಧುಗಳೇ ಹೇಳಿದರೂ ಅದು ತಪ್ಪೇ.

ತತ್ತ್ವಾರ್ಥಸೂತ್ರವು ಜೀವಾಧಿಕರಣವನ್ನು 108 ಭೇದಗಳಾಗಿ ಹೇಳಿದೆ: ಸಂರಂಭ, ಸಮಾರಂಭ, ಆರಂಭ ಎಂಬ ಮೂರು, ಮನ, ವಚನ, ಕಾಯ ಎಂಬ ಮೂರು, ಕೃತ, ಕಾರಿತ, ಅನುಮತ ಎಂಬ ಮೂರು, ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯಗಳು. ಜಪಮಾಲೆಯ 108 ಮಣಿಗಳನ್ನು ಎಣಿಸುವವರು ಈ ಲೆಕ್ಕವನ್ನು ಬಲ್ಲರು. ಅನುಮತಿಯೂ ಹೊಣೆಯ ಒಂದು ದ್ವಾರವೆಂದ ಮೇಲೆ, ಏನೆಂದು ತಿಳಿಯದೆ ಅನುಮತಿಸುವುದು ಹೇಗೆ? ಆಸ್ಪತ್ರೆಯ ಸಮ್ಮತಿಪತ್ರದ ಮೇಲೆ ಓದದೆ ಹಾಕಿದ ಸಹಿ ಕಾಗದದ ಮಟ್ಟಿಗೆ ಅನುಮತಿಯಾದೀತು. ಆತ್ಮದ ಮಟ್ಟಿಗೆ ಅದು ಬರಿಯ ಪ್ರಮಾದ.

ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನ ಎಂಬುದೊಂದಿದೆ: ಕೊಳ್ಳಲು ಒಂದು ತೂಕ, ಕೊಡಲು ಇನ್ನೊಂದು ತೂಕ. ಚಿಕಿತ್ಸೆಯ ಲಾಭವನ್ನು ಒಂದು ತಕ್ಕಡಿಯಲ್ಲಿ, ಅಪಾಯವನ್ನು ಇನ್ನೊಂದರಲ್ಲಿ ತೂಗಿ ಹೇಳುವುದೂ ಅದೇ ಜಾತಿಯದು. ನೂರರಲ್ಲಿ ಇಬ್ಬರಿಗೆ ಬರುವ ತೊಂದರೆ ಔಷಧದಿಂದ ಒಬ್ಬರಿಗೆ ಇಳಿದರೆ, “ಅಪಾಯ ಅರ್ಧಕ್ಕರ್ಧ ಇಳಿಯುತ್ತದೆ” ಎಂದೂ ಹೇಳಬಹುದು, “ನೂರರಲ್ಲಿ ಒಬ್ಬರಿಗೆ ಪ್ರಯೋಜನ” ಎಂದೂ ಹೇಳಬಹುದು. ಎರಡೂ ನಿಜ. ಮೊದಲನೆಯದನ್ನು ಮಾತ್ರ ಕೇಳಿದವನ ನಿರೀಕ್ಷೆ ಒಂದಾಗುತ್ತದೆ, ಅನುಭವ ಇನ್ನೊಂದಾಗುತ್ತದೆ. ಆ ಅಂತರದಲ್ಲಿ ಪಶ್ಚಾತ್ತಾಪ ಮೊಳೆಯುತ್ತದೆ.

ಶಂಕೆ ಮತ್ತು ಸಮಾಧಾನ

ಇಲ್ಲಿ ಒಂದು ಶಂಕೆ ಬರಬಹುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸತ್ಯಾಣುವ್ರತವನ್ನು ಹೇಳುವಾಗ, ಪರರಿಗೆ ವಿಪತ್ತನ್ನು ತರುವ ಸತ್ಯವನ್ನೂ ನುಡಿಯಬಾರದೆಂದು ವಿಧಿಸಿದ್ದಾರೆ. ಕ್ಯಾನ್ಸರ್ ಎಂದು ಹೇಳಿದರೆ ವೃದ್ಧ ತಂದೆ ಎದೆಯೊಡೆದುಕೊಂಡಾರು. ಆದುದರಿಂದ ಮುಚ್ಚಿಡುವುದೇ ಧರ್ಮವಲ್ಲವೇ? ಹಲವು ಮನೆಗಳಲ್ಲಿ ಮಕ್ಕಳು ವೈದ್ಯರ ಕೋಣೆಗೆ ತಾವು ಮೊದಲು ಹೋಗಿ, “ಅವರ ಮುಂದೆ ಏನೂ ಹೇಳಬೇಡಿ” ಎಂದು ಕೇಳಿಕೊಳ್ಳುವುದು ಈ ಪ್ರೀತಿಯಿಂದಲೇ.

ಸಮಾಧಾನ: ಆಚಾರ್ಯರು ನಿಷೇಧಿಸಿದ್ದು ವಿಪತ್ತಿಗೆ ಕಾರಣವಾಗುವ ನುಡಿಯನ್ನು. ಇಲ್ಲಿ ವಿಪತ್ತು ಯಾವುದು? ರೋಗವು ಆಗಲೇ ಬಂದಿದೆ. ಅದನ್ನು ನುಡಿ ತರಲಿಲ್ಲ. ದಿನದಿನಕ್ಕೆ ಕುಂದುತ್ತಿರುವ ತನ್ನ ದೇಹದ ಸುದ್ದಿ ರೋಗಿಗೆ ತಿಳಿಯದೆ ಇರುವುದೂ ಅಪೂರ್ವ. ಮಕ್ಕಳು ನಗುತ್ತ ಸುಳ್ಳು ಹೇಳುತ್ತಾರೆ, ತಂದೆ ತಿಳಿದೂ ತಿಳಿಯದವರಂತೆ ನಟಿಸುತ್ತಾರೆ. ಎರಡು ಕಡೆಯೂ ಮಾಯಾಶಲ್ಯ ನೆಟ್ಟಿರುತ್ತದೆ. ಕ್ಷಮೆ ಬೇಡಲು, ಪರಿಗ್ರಹವನ್ನು ಹಂಚಲು, ವ್ರತ ತೊಡಲು, ಸ್ವಾಧ್ಯಾಯದಲ್ಲಿ ಮನಸ್ಸನ್ನು ನಿಲ್ಲಿಸಲು ಇದ್ದ ಅವಕಾಶ ಕೈಜಾರುತ್ತದೆ. ಶ್ರಾವಕನಿಗೆ ಇದಕ್ಕಿಂತ ದೊಡ್ಡ ವಿಪತ್ತು ಯಾವುದು? ಅದೇ ಗ್ರಂಥದಲ್ಲಿ ಸಲ್ಲೇಖನೆಗೆ ಕಾರಣಗಳನ್ನು ಹೇಳುವಾಗ, ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಎಂದಿದೆ. ರೋಗಕ್ಕೆ ಪ್ರತೀಕಾರ ಉಂಟೋ ಇಲ್ಲವೋ ಎಂಬುದು ರೋಗಿಗೆ ತಿಳಿಯದಿದ್ದರೆ ಆ ವಿಚಾರವನ್ನು ಅವನು ಮಾಡುವುದೆಂತು?

ಹಾಗೆಂದು ಎಲ್ಲವನ್ನೂ ಒಂದೇ ಉಸುರಿಗೆ ಮುಖದ ಮೇಲೆ ಎರಚಬೇಕೆಂದಲ್ಲ. ಹಿತ, ಮಿತ, ಪ್ರಿಯವಾಗಿ ನುಡಿಯಬೇಕು. “ನಿಮ್ಮ ಕಾಯಿಲೆಯ ವಿಷಯ ಎಷ್ಟು ತಿಳಿಯಬೇಕೆಂದು ನಿಮಗೆ ಅನಿಸುತ್ತದೆ?” ಎಂದು ಮೊದಲು ಕೇಳಬೇಕು. “ನನಗೇನೂ ಬೇಡ, ಹಿರಿಯ ಮಗ ನೋಡಿಕೊಳ್ಳಲಿ” ಎಂದು ರೋಗಿಯೇ ಹೇಳಿದರೆ ಅದೂ ಅವರ ನಿರ್ಣಯವೇ, ಅದನ್ನು ಗೌರವಿಸಬೇಕು. ಕೇಳದೆಯೇ ಮುಚ್ಚಿಡುವುದಕ್ಕೂ, ಕೇಳಿ ಅವರ ಇಷ್ಟದಂತೆ ಮುಚ್ಚಿಡುವುದಕ್ಕೂ ಅಜಗಜಾಂತರವಿದೆ.

ಇನ್ನೊಂದು ಸನ್ನಿವೇಶವನ್ನು ಊಹಿಸಬಹುದು. ಎಂಬತ್ತರ ಹಿರಿಯರೊಬ್ಬರ ಮೂತ್ರಪಿಂಡಗಳು ಸೋತಿವೆ, ಹೃದಯವೂ ದುರ್ಬಲ. ವಾರಕ್ಕೆ ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ ಡಯಾಲಿಸಿಸ್ ಮಾಡಿಸುವುದೊಂದು ದಾರಿ. ಅದನ್ನು ಮಾಡಿಸದೆ, ಉಬ್ಬಸ, ತುರಿಕೆ, ಬಾವು ಮುಂತಾದ ತೊಂದರೆಗಳಿಗೆ ಔಷಧ ಕೊಡುತ್ತ ಮನೆಯಲ್ಲಿ ನೋಡಿಕೊಳ್ಳುವುದು ಇನ್ನೊಂದು. ತೀರ ವೃದ್ಧರಲ್ಲಿ, ಬೇರೆ ಗಂಭೀರ ರೋಗಗಳೂ ಇರುವಾಗ, ಡಯಾಲಿಸಿಸ್‌ನಿಂದ ದೊರೆಯುವ ಹೆಚ್ಚಿನ ಆಯುಷ್ಯ ಕಿರಿದಾಗುತ್ತದೆಂದು ಅಧ್ಯಯನಗಳು ಹೇಳುತ್ತವೆ. ಹಿರಿಯರಿಗೆ ಬೇಕಾದುದು ಬೆಳಗಿನ ಜಿನದರ್ಶನ, ಸೂರ್ಯಾಸ್ತಕ್ಕೆ ಮುನ್ನ ಮನೆಯ ಊಟ, ಮೊಮ್ಮಕ್ಕಳ ಮುಖ. ಮಕ್ಕಳಿಗೆ ಇರುವ ಭಯ “ಹಣವಿದ್ದೂ ತಂದೆಗೆ ಚಿಕಿತ್ಸೆ ಮಾಡಿಸಲಿಲ್ಲ” ಎಂಬ ಜನರ ಮಾತು. ಅಲ್ಲಿ ಚಿಕಿತ್ಸೆ ನಡೆಯುವುದು ತಂದೆಯ ರೋಗಕ್ಕೋ, ಮಕ್ಕಳ ಮಾನಕಷಾಯಕ್ಕೋ? ಈ ಪ್ರಶ್ನೆಯನ್ನು ಮಕ್ಕಳು ಏಕಾಂತದಲ್ಲಿ ಕೇಳಿಕೊಳ್ಳಬೇಕು. ಉತ್ತರ ಡಯಾಲಿಸಿಸ್ ಎಂದೇ ಬರಬಹುದು. ತಂದೆಯವರೇ ಅದನ್ನು ಬಯಸಬಹುದು. ಆದರೆ ಕೇಳದೆ ತಿಳಿಯಲಾಗದು.

ಸಮಂತಭದ್ರರ ಕಥೆಯ ಪಾಠ

ಪರಂಪರೆಯಲ್ಲಿ ಪ್ರಸಿದ್ಧವಾದ ಸಮಂತಭದ್ರರ ವೃತ್ತಾಂತ ಇಲ್ಲಿ ಸ್ಮರಣೀಯ. ಮುನಿಯಾಗಿದ್ದ ಅವರಿಗೆ ಭಸ್ಮಕವ್ಯಾಧಿ ಬಂದಿತು. ಉಂಡುದೆಲ್ಲ ಬೂದಿಯಾಗಿ ಹಸಿವು ಹಿಂಗದಾಯಿತು. ಮುನಿಚರ್ಯೆಯಲ್ಲಿ ಅದಕ್ಕೆ ಪರಿಹಾರವಿರಲಿಲ್ಲ. ಅವರು ಗುರುಗಳಲ್ಲಿಗೆ ಹೋಗಿ ಸಲ್ಲೇಖನೆಗೆ ಅನುಮತಿ ಬೇಡಿದರು. ಶಿಷ್ಯನಿಗೆ ಇನ್ನೂ ಆಯುಷ್ಯವಿದೆ, ಅವನಿಂದ ಧರ್ಮಪ್ರಭಾವನೆಯಾಗಬೇಕಿದೆ ಎಂದರಿತ ಗುರುಗಳು ಅನುಮತಿ ಕೊಡಲಿಲ್ಲ. ಮುನಿವೇಷವನ್ನು ತೊರೆದು, ಎಲ್ಲಿ ಸಾಧ್ಯವೋ ಅಲ್ಲಿ ಆಹಾರ ಪಡೆದು ರೋಗವನ್ನು ಶಮನ ಮಾಡಿಕೊಂಡು, ಮತ್ತೆ ದೀಕ್ಷೆ ತೆಗೆದುಕೊಳ್ಳುವಂತೆ ಹೇಳಿದರು. ಅವರು ಶಿವಾಲಯವೊಂದರ ನೈವೇದ್ಯದಿಂದ ರೋಗವನ್ನು ನೀಗಿದುದನ್ನೂ, ಸ್ವಯಂಭೂಸ್ತೋತ್ರವನ್ನು ರಚಿಸಿದುದನ್ನೂ, ಪುನರ್ದೀಕ್ಷೆ ಪಡೆದುದನ್ನೂ ಕಥೆ ಹೇಳುತ್ತದೆ. ಸ್ಥಳ ಕಂಚಿಯೆಂದೂ ಕಾಶಿಯೆಂದೂ ಪಾಠಭೇದವಿದೆ.

ಈ ಕಥೆಯನ್ನು ಸಾಮಾನ್ಯವಾಗಿ ಜಿನಭಕ್ತಿಯ ಮಹಿಮೆಗಾಗಿ ಹೇಳುತ್ತಾರೆ. ಅದರ ಮೊದಲ ಭಾಗದಲ್ಲಿ ಸಹನಿರ್ಣಯದ ಪಾಠವೂ ಇದೆ. ಶಿಷ್ಯನು ತನ್ನ ಸ್ಥಿತಿಯನ್ನು ಮರೆಮಾಚಲಿಲ್ಲ. ತನಗೆ ತೋರಿದ ದಾರಿಯನ್ನು ಹೇಳಿದನು. ಆದರೆ ಒಬ್ಬನೇ ನಿಶ್ಚಯಿಸಲಿಲ್ಲ. ಗುರುಗಳು ಬೇಡವೆಂದು ಹೇಳಿ ಸುಮ್ಮನಾಗಲಿಲ್ಲ; ಬೇರೆ ದಾರಿಯನ್ನೂ, ಅದರಲ್ಲಿ ಕಳೆದುಕೊಳ್ಳಬೇಕಾದುದನ್ನೂ, ಮರಳಿ ಬರುವ ಬಗೆಯನ್ನೂ ತಿಳಿಸಿದರು. ಮುನಿಗೆ ಮುನಿವೇಷವನ್ನು ಬಿಡುವುದಕ್ಕಿಂತ ದೊಡ್ಡ ಬೆಲೆ ಇಲ್ಲ. ಆ ಬೆಲೆಯನ್ನು ಮೊದಲೇ ತಿಳಿದು ತೆತ್ತುದರಿಂದ ಅದು ತಾಪವಾಗಿ ಕಾಡಲಿಲ್ಲ, ಪ್ರಾಯಶ್ಚಿತ್ತವಾಗಿ ಮುಗಿಯಿತು.

ಆಚರಣೆಯಲ್ಲಿ

ಕರ್ನಾಟಕದ ಜೈನ ಪರಂಪರೆ ವೈದ್ಯವನ್ನು ಎಂದೂ ಹೊರಗಿಟ್ಟಿಲ್ಲ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕದಲ್ಲಿ ಮಾಂಸ, ಮದ್ಯ, ಮಧುಗಳಿಲ್ಲದ ಚಿಕಿತ್ಸೆಯನ್ನು ನಿರೂಪಿಸಿದರು. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನದಲ್ಲಿ ಔಷಧಕ್ಕೂ ಸ್ಥಾನವಿದೆ. ಒಳ್ಳೆಯ ವೈದ್ಯನು ರೋಗಿಯೊಡನೆ ಕುಳಿತು ಮಾತಾಡುವಾಗ ಇವುಗಳಲ್ಲಿ ಮೂರು ಒಂದೆಡೆ ಸೇರುತ್ತವೆ: ಔಷಧ ಕೊಡುವುದು ಔಷಧದಾನ, ತಿಳಿವಳಿಕೆ ಕೊಡುವುದು ಶಾಸ್ತ್ರದಾನ, “ಯಾವ ದಾರಿ ಹಿಡಿದರೂ ನಾನು ಜೊತೆಗಿದ್ದೇನೆ” ಎನ್ನುವುದು ಅಭಯದಾನ. ಮೊದಲೆರಡನ್ನು ಕೊಟ್ಟು ಮೂರನೆಯದನ್ನು ಕೊಡದಿದ್ದರೆ ನಿರ್ಣಯವು ರೋಗಿಗೆ ಅಧಿಕಾರವಾಗದೆ ಹೊರೆಯಾಗುತ್ತದೆ. ಆ ಅಮೆರಿಕದ ತಾಯಿತಂದೆಯರಿಗೆ ಆಯ್ಕೆಯಿತ್ತು. ಅದನ್ನು ಹೊರಲು ಜೊತೆಗೊಂದು ಹೆಗಲು ಸಾಲದಾಗಿತ್ತು ಎನ್ನಬೇಕು.

ಶ್ರಾ­ವಕರು ಆಚರಿಸಬಹುದಾದ ಕೆಲವು ಮಾತುಗಳಿವೆ. ವೈದ್ಯರಲ್ಲಿಗೆ ಹೋಗುವಾಗ ಪ್ರಶ್ನೆಗಳನ್ನು ಬರೆದುಕೊಂಡು ಹೋಗಬೇಕು: ದಾರಿಗಳೆಷ್ಟು, ಒಂದೊಂದರ ಲಾಭಾಪಾಯಗಳು ನೂರರಲ್ಲಿ ಎಷ್ಟು ಮಂದಿಗೆ, ಏನೂ ಮಾಡದಿದ್ದರೆ ಏನಾದೀತು, ಔಷಧದಲ್ಲಿ ಪ್ರಾಣಿಜನ್ಯ ಪದಾರ್ಥವಿದೆಯೇ, ಬದಲಿ ಉಂಟೇ. ತುರ್ತಿಲ್ಲದಿದ್ದರೆ ಒಂದೆರಡು ದಿನ ಸಮಯ ಕೇಳಬೇಕು. ನಿರ್ಣಯವಾದ ದಿನವೇ ಅದರ ಕಾರಣಗಳನ್ನು ಒಂದು ಕಾಗದದಲ್ಲಿ ಬರೆದಿಡಬೇಕು. ಮುಂದೆ ಮನಸ್ಸು ಕದಡಿದಾಗ ಅಂದು ತಿಳಿದಿದ್ದುದೇನೆಂದು ಆ ಕಾಗದ ಸಾಕ್ಷಿ ನುಡಿಯುತ್ತದೆ. ಮಾತಾಡಲಾಗದ ಸ್ಥಿತಿ ಬಂದರೆ ಏನು ಬೇಕು, ಏನು ಬೇಡ ಎಂಬುದನ್ನು ಆರೋಗ್ಯವಾಗಿರುವಾಗಲೇ ಹೇಳಿಡಬೇಕು. ಸುಪ್ರೀಂ ಕೋರ್ಟು 2018ರಲ್ಲಿ ಇಂಥ ಮುಂಗಡ ಇಚ್ಛಾಪತ್ರಕ್ಕೆ ಮಾನ್ಯತೆ ಕೊಟ್ಟಿತು. 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿ, ಇಬ್ಬರು ಸಾಕ್ಷಿಗಳೆದುರು ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕೆಂದಿತು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಅದರ ಅನುಷ್ಠಾನಕ್ಕೆ ಆದೇಶ ಹೊರಡಿಸಿತು. ಇದು ಸಲ್ಲೇಖನೆಯಲ್ಲ, ಅದು ವ್ರತ, ಇದು ಚಿಕಿತ್ಸೆಯ ಮಿತಿಯನ್ನು ಕುರಿತ ಹೇಳಿಕೆ. ಆದರೆ ಮಕ್ಕಳ ಹೆಗಲಿನಿಂದ ಒಂದು ದೊಡ್ಡ ಭಾರವನ್ನು ಇಳಿಸುವ ದಯೆ ಇದರಲ್ಲಿದೆ.

ಇಷ್ಟೆಲ್ಲ ಮಾಡಿಯೂ ಫಲ ವಿಪರೀತವಾಗಬಹುದು. ಆಗ ಎರಡು ಕೆಲಸಗಳು ಉಳಿಯುತ್ತವೆ. ನಿಜವಾಗಿಯೂ ಪ್ರಮಾದವಾಗಿದ್ದರೆ, ಲೋಭದಿಂದ ಖರ್ಚು ಉಳಿಸಿದ್ದರೆ, ಮಾನಕ್ಕಾಗಿ ಹಿರಿಯರನ್ನು ನೋಯಿಸಿದ್ದರೆ, ಆಲೋಚನೆ, ಪ್ರತಿಕ್ರಮಣಗಳಿಂದ ಅದನ್ನು ಒಪ್ಪಿ, ತೊಳೆದು, ಮುಗಿಸಬೇಕು. ಪ್ರತಿಕ್ರಮಣಕ್ಕೆ ಕೊನೆಯಿದೆ, ಕೊರಗಿಗೆ ಕೊನೆಯಿಲ್ಲ. ಪ್ರಮಾದವಿಲ್ಲದಿದ್ದರೆ, “ಹಾಗೆ ಮಾಡಿದ್ದರೆ” ಎಂದು ಹಿಂದಕ್ಕೆ ಹರಿಯುವ ಮನಸ್ಸು ಇಷ್ಟವಿಯೋಗಜನ್ಯ ಆರ್ತಧ್ಯಾನದಲ್ಲಿ ಸಿಲುಕಿದೆಯೆಂದು ತಿಳಿದು, ಅದನ್ನು ಧರ್ಮಧ್ಯಾನದ ವಿಪಾಕವಿಚಯದತ್ತ ತಿರುಗಿಸಬೇಕು: ಕರ್ಮಗಳು ಹೇಗೆ ಫಲ ಕೊಡುತ್ತವೆ, ಜೀವದ ಪುರುಷಾರ್ಥಕ್ಕೆ ಎಡೆ ಎಷ್ಟು ಎಂಬ ಚಿಂತನೆಯತ್ತ.

ಮನೆಯ ಉಳಿದವರಿಗೂ ಒಂದು ಕರ್ತವ್ಯವಿದೆ. ಪರರಲ್ಲಿ ತಾಪವನ್ನು ಉಂಟುಮಾಡುವುದೂ ಅಸಾತಾವೇದನೀಯಕ್ಕೆ ಕಾರಣವೆಂದು ಸೂತ್ರಕಾರರು ಹೇಳಿರುವುದನ್ನು ಮರೆಯಬಾರದು. ಸಾವಿನ ಮನೆಗೆ ಬಂದು “ಆ ಆಸ್ಪತ್ರೆಗೆ ಏಕೆ ಕರೆದೊಯ್ದಿರಿ?” ಎಂದು ಕೇಳುವ ನೆಂಟರು, ಸಹಿ ಹಾಕಿದ ಒಬ್ಬ ಮಗನನ್ನು ಬೆರಳು ಮಾಡಿ ತೋರುವ ಸೋದರರು ತಮಗರಿವಿಲ್ಲದೆ ಆ ಕೆಲಸವನ್ನೇ ಮಾಡುತ್ತಿರುತ್ತಾರೆ. ನಿರ್ಣಯದ ದಿನ ಒಟ್ಟಿಗೆ ಕುಳಿತವರು ಫಲದ ದಿನವೂ ಒಟ್ಟಿಗೇ ನಿಲ್ಲಬೇಕು. ಸಹನಿರ್ಣಯದ ‘ಸಹ’ ಎಂಬ ಮಾತಿಗೆ ಅರ್ಥ ಬರುವುದು ಆಗಲೇ.